ಆಟದ ಲೋಕದ ಮೋಸ, ಮನೆಯೊಳಗಿನ ಮೌನ

ಧುಪದಾಳ ಎಂದರೆ ಹೊರಗಿನವರಿಗೆ ನೆನಪಾಗುವುದು ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು, ಅದರ ಹಿನ್ನೀರು, ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳು. ಮಳೆಗಾಲದಲ್ಲಿ ಗೋಕಾಕ ಜಲಪಾತ ನೋಡಲು ಬಂದವರು ಇಲ್ಲಿಗೂ ಒಂದು ಸುತ್ತು ಬಂದು ಹೋಗುತ್ತಾರೆ. ಊರಿನ ಹುಡುಗರಿಗೆ ಮಾತ್ರ ಈಗ ನೀರೂ ಬೇಡ, ಹಕ್ಕಿಯೂ ಬೇಡ. ಸಂಜೆ ಅಸರ್ ನಮಾಝ್ ಮುಗಿದ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುವ ಕಟ್ಟೆಯ ಮೇಲೆ ನಾಲ್ಕೈದು ಮಂದಿ ಸಾಲಾಗಿ ಕೂತಿರುತ್ತಾರೆ. ಪಕ್ಕಪಕ್ಕದಲ್ಲೇ ಇದ್ದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವರು ಇರುವುದು ಬೇರೆ ಊರಿನಲ್ಲಿ. ಆ ಊರಿನಲ್ಲಿ ದ್ವೀಪವಿದೆ, ಖಾಲಿ ಮನೆಗಳಿವೆ, ಬಂದೂಕುಗಳಿವೆ, ಮುಖ ಕಾಣದ ಗೆಳೆಯರಿದ್ದಾರೆ. ಅಲ್ಲಿ ಅವರಿಗೆ ನಾವು ಇಟ್ಟ ಹೆಸರಿಲ್ಲ, ತಾವೇ ಇಟ್ಟುಕೊಂಡ ಬೇರೆ ಹೆಸರಿದೆ. ಇದನ್ನೇ ವರ್ಚುವಲ್ ಜಗತ್ತು ಎನ್ನುತ್ತಾರೆ. ಫೋನಿನ ತೆರೆಯೊಳಗಿನ ಲೋಕ ಎಂದುಕೊಂಡರೆ ಸಾಕು.

ಈ ಪುಟ ಓದುವ ಎಷ್ಟೋ ತಾಯಂದಿರಿಗೆ ಆ ಊರಿನ ಪರಿಚಯ ಇರಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ಹೇಳುತ್ತೇನೆ. ಇಂಥ ಆಟವನ್ನು ಫೋನಿಗೆ ಹಾಕಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಒಳಗೆ ಹೋದ ಮೇಲೆ ಅಂಗಡಿ ಸಿಗುತ್ತದೆ. ಅಲ್ಲಿ ರೂಪಾಯಿ ನಡೆಯುವುದಿಲ್ಲ. ಒಂದು ಆಟದಲ್ಲಿ ಡೈಮಂಡ್, ಇನ್ನೊಂದರಲ್ಲಿ ಯುಸಿ, ಮತ್ತೊಂದರಲ್ಲಿ ರೋಬಕ್ಸ್ ಹೀಗೆ ಅವರವರದೇ ನಾಣ್ಯ. ರೂಪಾಯಿ ಕೊಟ್ಟು ಆ ನಾಣ್ಯ ಕೊಳ್ಳುವುದಕ್ಕೆ ಮಕ್ಕಳು ಟಾಪ್ ಅಪ್ ಎನ್ನುತ್ತಾರೆ. ಆ ನಾಣ್ಯ ಕೊಟ್ಟರೆ ಅಂಗಿ, ಟೋಪಿ, ಬಂದೂಕಿಗೆ ಬಣ್ಣ ಎಲ್ಲ ಸಿಗುತ್ತವೆ. ಇವಕ್ಕೆ ಸ್ಕಿನ್ ಎಂದು ಹೆಸರು. ವರ್ಷಗಟ್ಟಲೆ ಆಡಿ ಇಂಥ ಸಾಮಾನು ಕೂಡಿಹಾಕಿದ ಖಾತೆಯೇ ಐಡಿ. ಒಳ್ಳೆಯ ಐಡಿ ಇದ್ದವನಿಗೆ ಹುಡುಗರ ನಡುವೆ ಇರುವ ಮರ್ಯಾದೆ ಹೊಸ ಬೈಕ್ ಇದ್ದವನಿಗೂ ಇಲ್ಲ. ಇದನ್ನು ಕೇಳಿ ನಗುವ ಹಾಗಿಲ್ಲ. ಮದುವೆ ಮನೆಗೆ ಹೋಗಲು ಪಕ್ಕದ ಮನೆಯ ಬಳೆ ಕೇಳಿ ತೊಟ್ಟುಕೊಳ್ಳುವವರು ನಾವು.

ನನ್ನ ತಂಗಿಯ ಮಗನಿಗೆ ಅಂಥದ್ದೊಂದು ಐಡಿ ಬೇಕಿತ್ತು. ಒಂಬತ್ತನೇ ತರಗತಿಯ ಹುಡುಗ, ಓದಿನಲ್ಲಿ ಚುರುಕು, ಮಾತು ಕಡಿಮೆ. ಅವನ ಅಪ್ಪ ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ತಂಗಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತಾಳೆ. ಒಂದು ಪಿಕೋ ಮಷಿನ್ ಕೊಳ್ಳಬೇಕೆಂದು ಎರಡು ವರ್ಷದಿಂದ ನೂರು, ಇನ್ನೂರು ಎಂದು ಬ್ಯಾಂಕಿನಲ್ಲಿ ಹಾಕುತ್ತಾ ಬಂದಿದ್ದಳು. ಆ ಖಾತೆಗೆ ಫೋನಿನಲ್ಲಿ ಯುಪಿಐ ಮಾಡಿಕೊಟ್ಟವನು ಮಗನೇ. ಗುಪ್ತ ಸಂಖ್ಯೆ ಹಾಕಿಕೊಟ್ಟವನೂ ಅವನೇ. ನಮ್ಮ ಬಹಳಷ್ಟು ಮನೆಗಳಲ್ಲಿ ಹೀಗೇ ಇದೆ. ಖಾತೆ ತಾಯಿಯ ಹೆಸರಿನಲ್ಲಿ, ಬೀಗದ ಕೈ ಮಕ್ಕಳ ಬೆರಳಿನಲ್ಲಿ.

ಅವನಿಗೆ ಐಡಿ ಮಾರುತ್ತೇನೆಂದು ಬಂದವನು ಒಂದೇ ದಿನದಲ್ಲಿ ಬಂದವನಲ್ಲ. ನಾಲ್ಕು ತಿಂಗಳು ಅದೇ ಆಟದಲ್ಲಿ ಅವನ ತಂಡದಲ್ಲಿ ಆಡಿದ್ದ. ಹುಡುಗ ಅವನನ್ನು ಭಾಯಿ ಎಂದು ಕರೆಯುತ್ತಿದ್ದ. ಸೋತಾಗ ಸಮಾಧಾನ ಹೇಳುತ್ತಿದ್ದನಂತೆ. ಪರೀಕ್ಷೆ ಇದ್ದಾಗ "ಇವತ್ತು ಆಡಬೇಡ, ಓದು" ಎಂದಿದ್ದನಂತೆ. ತಂಗಿಗೆ ಜ್ವರ ಬಂದ ವಾರ ಪ್ರತಿದಿನ "ಅಮ್ಮಿ ಹೇಗಿದ್ದಾರೆ?" ಎಂದು ಕೇಳಿದ್ದ. ಇದನ್ನು ಹೇಳುವಾಗ ಹುಡುಗನ ಕಣ್ಣಲ್ಲಿ ನೀರು ಬಂತು. ಹಣ ಹೋದದ್ದಕ್ಕೆ ಅವನು ಅಷ್ಟು ಅತ್ತಿರಲಿಲ್ಲ.

ಮೊದಲು 6,000 ರೂಪಾಯಿ ಐಡಿಯ ಬೆಲೆ. ಕಳಿಸಿದ ಮೇಲೆ 2,500 ಸೆಕ್ಯುರಿಟಿ, ಅದು ವಾಪಸ್ ಬರುತ್ತದೆ ಎಂದ. ಆಮೇಲೆ ಐಡಿಯ ಮೇಲ್ ಬದಲಾಯಿಸಲು 3,000. ಅಷ್ಟರಲ್ಲಿ ಕಂಪನಿ ದಂಡ ಹಾಕಿದೆ ಎಂದು 4,000. ಕೊನೆಗೆ ಹುಡುಗ ಐಡಿಯೇ ಬೇಡ, ಹಣ ಕೊಡು ಎಂದು ಗೋಗರೆದಾಗ, ಹಣ ವಾಪಸ್ ಮಾಡಲು ಫೈಲ್ ಚಾರ್ಜ್ 3,000. ಮೂರು ದಿನಗಳಲ್ಲಿ ಒಟ್ಟು 18,500 ರೂಪಾಯಿ. ಪ್ರತಿ ಸಲವೂ ಒಂದೇ ಮಾತು ಜೊತೆಗಿತ್ತು: "ಮನೆಯಲ್ಲಿ ಯಾರಿಗೂ ಹೇಳಬೇಡ. ಹೇಳಿದರೆ ಐಡಿ ಬ್ಯಾನ್ ಆಗುತ್ತದೆ." ಹಣ ಹೋದ ಸಂದೇಶ ಬಂದಾಗಲೆಲ್ಲ ಹುಡುಗ ಅಳಿಸಿಹಾಕಿದ. ಭಾಯಿ ನಾಲ್ಕನೇ ದಿನ ಕಾಣೆಯಾದ.

ಹನ್ನೊಂದು ದಿನಗಳ ಮೇಲೆ ತಂಗಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋದಳು. ಮನೆಗೆ ಬಂದು ಮಗನನ್ನು ಕೇಳಿದಳು. ಅವನು ಎಲ್ಲ ಹೇಳಿದ. ಆಮೇಲೆ ಮತ್ತೆ ನಾಲ್ಕು ದಿನ ಇಬ್ಬರೂ ಬಾಯಿ ಬಿಡಲಿಲ್ಲ. ಅಪ್ಪನಿಗೆ ಗೊತ್ತಾದರೆ ಹುಡುಗನ ಗತಿ ಏನು ಎಂಬ ಭಯ ಅವಳಿಗೆ. ಹುಡುಗ ಊಟ ಬಿಟ್ಟ, ಶಾಲೆ ಬಿಟ್ಟ, ಗೋಡೆಗೆ ಮುಖ ಮಾಡಿ ಮಲಗಿದ. ನಾಲ್ಕನೇ ರಾತ್ರಿ ತಂಗಿ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ತಲೆದಿಂಬಿನ ಕೆಳಗಿಟ್ಟು, ನನಗೆ ಫೋನ್ ಮಾಡಿದಳು. ಅವರ ಮನೆಯಿಂದ ನೀರಿಗೆ ಹತ್ತು ನಿಮಿಷದ ದಾರಿ. "ಆಪಾ, ದುಡ್ಡು ಹಾಳಾಗಲಿ. ನನಗೆ ನಿದ್ದೆ ಬರುತ್ತಿಲ್ಲ" ಎಂದಳು.

ನಾನು ಆಗಲೇ ಹೋದೆ. ಮೊದಲು ಹುಡುಗನಿಗೆ ಊಟ ಹಾಕಿದೆ. ಆಮೇಲೆ ಅಲ್ಲೇ ಕೂತು 1930ಕ್ಕೆ ಫೋನ್ ಮಾಡಿದೆವು. ಇದು ಸೈಬರ್ ಹಣ ವಂಚನೆಯ ದೂರು ಕೊಡಲು ಇಡೀ ದೇಶಕ್ಕೆ ಇರುವ ಸಂಖ್ಯೆ. ಹಣ ಹೋದ ದಿನ, ಹೊತ್ತು, ಮೊತ್ತ ಮತ್ತು ಪ್ರತಿ ಪಾವತಿಯ 12 ಅಂಕಿಯ ಯುಪಿಐ ಸಂಖ್ಯೆ ಕೇಳಿದರು. ಸಂದೇಶಗಳನ್ನು ಅಳಿಸಿದ್ದರೂ ಆ್ಯಪಿನ ಇತಿಹಾಸದಲ್ಲಿ ಎಲ್ಲವೂ ಇತ್ತು. ದೂರು ದಾಖಲಾದ ಕೂಡಲೇ ಹಣ ಹೋದ ದಾರಿಯ ಬ್ಯಾಂಕುಗಳಿಗೆ ಸುದ್ದಿ ಹೋಗುತ್ತದೆ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. 2021ರಲ್ಲಿ ಶುರುವಾದ ಈ ವ್ಯವಸ್ಥೆ ಒಳ್ಳೆಯದೇ. ಆದರೆ ಅದು ಓಡಬೇಕಾದದ್ದು ಗಂಟೆಗಳ ಲೆಕ್ಕದಲ್ಲಿ. ನಾವು ಹೋದದ್ದು ಹದಿನೈದನೇ ದಿನ. ಅಷ್ಟರಲ್ಲಿ ಹಣ ಮೂರು ಖಾತೆ ದಾಟಿ ಎಟಿಎಮ್ಮಿನಿಂದ ಹೊರಬಿದ್ದಿತ್ತು. ಕೊನೆಯ ಖಾತೆಯಲ್ಲಿ ಉಳಿದಿದ್ದ 1,200 ರೂಪಾಯಿ ಮಾತ್ರ ಸಿಕ್ಕಿತು. ಠಾಣೆಗೆ ಹೋದಾಗ ಅಲ್ಲಿದ್ದ ಒಬ್ಬರು, "ಆಟದ ಬಂದೂಕಿಗೆ ಹೋದ ದುಡ್ಡಿಗೂ ಕಂಪ್ಲೇಂಟಾ?" ಎಂದು ನಕ್ಕರು. ಬರೆದುಕೊಂಡರು ಎಂಬುದೇ ದೊಡ್ಡದು.

ಆ ನಗುವಿನಲ್ಲೇ ಈ ಮೋಸದ ಅರ್ಧ ಗುಟ್ಟಿದೆ. ಆಟದ ಸಾಮಾನು ಸಾಮಾನೇ ಅಲ್ಲ, ಅದು ಹೋದರೆ ಏನೂ ಹೋದಂತಲ್ಲ ಎಂದು ದೊಡ್ಡವರು ತಿಳಿದಿದ್ದಾರೆ. ಮೋಸಗಾರನಿಗೆ ಇದು ಚೆನ್ನಾಗಿ ಗೊತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 2007ರಲ್ಲಿ 13 ವರ್ಷದ ಒಬ್ಬ ಹುಡುಗನನ್ನು ಅವನಿಗಿಂತ ಸ್ವಲ್ಪ ದೊಡ್ಡ ಇಬ್ಬರು ಹೊಡೆದು, ಚಾಕು ತೋರಿಸಿ, ರೂನ್‌ಸ್ಕೇಪ್ ಎಂಬ ಆಟದಲ್ಲಿ ಅವನ ಬಳಿ ಇದ್ದ ಒಂದು ತಾಯತ ಮತ್ತು ಮುಖವಾಡವನ್ನು ತಮ್ಮ ಖಾತೆಗೆ ಹಾಕಿಸಿಕೊಂಡರು. ಇಲ್ಲದ ವಸ್ತುವನ್ನು ಕದಿಯುವುದು ಹೇಗೆ ಎಂದು ವಕೀಲರು ವಾದಿಸಿದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರ ಜನವರಿಯಲ್ಲಿ ಅದು ಕಳ್ಳತನವೇ ಎಂದು ತೀರ್ಪು ಕೊಟ್ಟಿತು. ಆ ಹುಡುಗ ಅದಕ್ಕಾಗಿ ಸಮಯ ಹಾಕಿದ್ದಾನೆ, ಶ್ರಮ ಹಾಕಿದ್ದಾನೆ, ಅವನ ಮಟ್ಟಿಗೆ ಅದಕ್ಕೆ ಬೆಲೆಯಿದೆ ಎಂಬುದು ನ್ಯಾಯಾಧೀಶರು ಕಂಡ ಸಂಗತಿ. ನನಗೆ ಇದು ಸರಿ ಅನ್ನಿಸಿತು. ತಾಯಿಯಾದವಳು ಮಗುವಿನ ಅಳುವನ್ನು ಅಳೆಯಬೇಕಾದದ್ದು ಆಟಿಕೆಯ ಬೆಲೆಯಿಂದ ಅಲ್ಲ.

ಇದಕ್ಕೆ ವಿರುದ್ಧವಾದ ಕತೆಯೂ ಇದೆ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ ಆಟಗಾರರೇ ಒಂದು ಬ್ಯಾಂಕ್ ನಡೆಸುತ್ತಿದ್ದರು. 2009ರಲ್ಲಿ ಅದರ ಮುಖ್ಯಸ್ಥನೇ 20,000 ಕೋಟಿಯಷ್ಟು ಆಟದ ನಾಣ್ಯ ಎತ್ತಿಕೊಂಡು, ನಿಜವಾದ ಸುಮಾರು 6,300 ಆಸ್ಟ್ರೇಲಿಯನ್ ಡಾಲರಿಗೆ ಮಾರಿಬಿಟ್ಟ. ಮನೆಯ ಮುಂಗಡಕ್ಕೂ ಮಗುವಿನ ಚಿಕಿತ್ಸೆಗೂ ಬೇಕಿತ್ತು ಎಂದ. ಕಂಪನಿ ಅವನನ್ನು ಆಟದಿಂದ ಹೊರಗೆ ಹಾಕಿತು. ಯಾಕೆ ಗೊತ್ತೇ? ಠೇವಣಿ ಕದ್ದದ್ದಕ್ಕಲ್ಲ, ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರಿದ್ದಕ್ಕೆ. ಆ ಆಟದೊಳಗೆ ಒಬ್ಬರಿಗೊಬ್ಬರು ಮೋಸ ಮಾಡುವುದು ನಿಯಮದ ಪ್ರಕಾರ ತಪ್ಪೇ ಆಗಿರಲಿಲ್ಲ. ಮಕ್ಕಳು ದಿನಕ್ಕೆ ಮೂರು ಗಂಟೆ ಕಳೆಯುವ ಕಡೆ ಯಾವ ನಿಯಮ ನಡೆಯುತ್ತದೆ ಎಂದು ನಾವು ವಿಚಾರಿಸುವುದಿಲ್ಲ. ಮದ್ರಸಕ್ಕೆ ಸೇರಿಸುವಾಗ ಉಸ್ತಾದರು ಯಾರು, ಎಂಥವರು ಎಂದು ಹತ್ತು ಸಲ ಕೇಳುತ್ತೇವೆ.

ಸೆಕೆಂಡ್ ಲೈಫ್ ಎಂಬ ಇನ್ನೊಂದು ಲೋಕವಿದೆ. ಅಲ್ಲಿ ಗಿಂಕೋ ಎಂಬ ಬ್ಯಾಂಕು ವರ್ಷಕ್ಕೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಬಡ್ಡಿ ಕೊಡುತ್ತೇನೆ ಎಂದಿತ್ತು. 2007ರಲ್ಲಿ ಮುಳುಗಿತು. ಸುಮಾರು ಏಳೂವರೆ ಲಕ್ಷ ಅಮೆರಿಕನ್ ಡಾಲರ್ ಬೆಲೆಯ ಠೇವಣಿ ಹೋಯಿತು. 2008ರ ಜನವರಿಯಲ್ಲಿ ಕಂಪನಿ ಸರಕಾರದ ಅನುಮತಿ ಇಲ್ಲದ ಬ್ಯಾಂಕುಗಳನ್ನೇ ಆ ಲೋಕದಲ್ಲಿ ನಿಷೇಧಿಸಿತು. ದೂರದ ಕತೆ ಎನ್ನಬೇಡಿ. ಬೆಂಗಳೂರಿನ ಐಎಂಎ ನೆನಪಿದೆಯಲ್ಲ? 2006ರಲ್ಲಿ ಶುರುವಾಗಿ, ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಮಹ್ರ್‌ನ ಚಿನ್ನ, ವಿಧವೆಯರ ಪಿಂಚಣಿ ಎಲ್ಲವನ್ನೂ ಸೆಳೆದು 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಸಾವಿರಾರು ಕೋಟಿ ಹೋಯಿತು. ಅದಕ್ಕೆ ಕಟ್ಟಡವಿತ್ತು, ಕುರ್ಚಿಯಿತ್ತು, ಸಲಾಂ ಹೇಳುವ ಸಿಬ್ಬಂದಿಯಿದ್ದರು. ತೆರೆಯೊಳಗಿನ ಬ್ಯಾಂಕಿಗೆ ಅದೇನೂ ಇರಲಿಲ್ಲ. ಎರಡೂ ಕಡೆ ಜನ ನಂಬಿದ್ದು ತಮ್ಮವರು ಎಂಬ ಒಂದೇ ಕಾರಣಕ್ಕೆ. ಅಲ್ಲಿ ಜೊತೆ ಆಟಗಾರ, ಇಲ್ಲಿ ಜಮಾಅತಿನ ಮನುಷ್ಯ. ಅಪರಿಚಿತ ಬಂದು ಹಣ ಕೇಳಿದರೆ ಯಾರೂ ಕೊಡುವುದಿಲ್ಲ. ಅದಕ್ಕೇ ಮೋಸಗಾರ ಮೊದಲು ಪರಿಚಿತನಾಗುತ್ತಾನೆ. ನಾಲ್ಕು ತಿಂಗಳು ಬೇಕಾದರೆ ನಾಲ್ಕು ತಿಂಗಳು.

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಡೈಮಂಡ್ ಫ್ರೀ ಕೊಡುತ್ತೇವೆ, ಇಲ್ಲಿ ಒತ್ತಿ ಎಂಬ ಕೊಂಡಿ ಬರುತ್ತದೆ. ಒತ್ತಿ ಪಾಸ್‌ವರ್ಡ್ ಹಾಕಿದರೆ ಐಡಿಯೇ ಕೈತಪ್ಪುತ್ತದೆ. ಅರ್ಧ ಬೆಲೆಗೆ ಟಾಪ್ ಅಪ್ ಮಾಡಿಕೊಡುವವರಲ್ಲಿ ಕೆಲವರು ಕದ್ದ ಕಾರ್ಡಿನಿಂದ ಕೊಂಡಿರುತ್ತಾರೆ. ಕಾರ್ಡಿನ ಮಾಲೀಕ ದೂರು ಕೊಟ್ಟಾಗ ಮಗುವಿನ ಖಾತೆ ಬಂದ್ ಆಗುತ್ತದೆ. ಐಡಿ ನಿಜವಾಗಿಯೂ ಮಾರಿ, ಹಣ ಪಡೆದು, ಮೊದಲಿನ ಮೇಲ್ ಇಟ್ಟುಕೊಂಡು ವಾರದ ನಂತರ ಹಿಂದಕ್ಕೆ ಎಳೆದುಕೊಳ್ಳುವವರೂ ಇದ್ದಾರೆ. ಐಡಿ ಮಾರಾಟ ಹೆಚ್ಚಿನ ಆಟಗಳಲ್ಲಿ ಕಂಪನಿಯ ನಿಯಮಕ್ಕೇ ವಿರುದ್ಧ. ಆದ್ದರಿಂದ ಮೋಸ ಹೋದವನಿಗೆ ಕಂಪನಿಯ ಮುಂದೆ ಹೋಗಿ ಹೇಳಲೂ ಬಾಯಿಲ್ಲ. ಇನ್ನು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮಾತೇ ಬೇರೆ, ಅದು ಜೂಜು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದೆ. ಮಾಡಿದ್ದು ಒಳ್ಳೆಯದಾಯಿತು. ಆದರೆ ತಂಗಿಯ ಮಗ ಆಡಿದ್ದು ಜೂಜಲ್ಲ, ಸಾಮಾನ್ಯ ಆಟ. ಕಾಯ್ದೆ ಬಂದಿದೆ, ಇನ್ನು ಚಿಂತೆಯಿಲ್ಲ ಎಂದು ಯಾರೂ ಕೂರಬಾರದು.

ಮಕ್ಕಳಾದ್ದರಿಂದ ಮೋಸ ಹೋದರು ಎಂದುಕೊಳ್ಳುವುದೂ ತಪ್ಪು. ಡಿಜಿಟಲ್ ಅರೆಸ್ಟ್ ಎಂಬ ಮಾತು ಈಗ ಎಲ್ಲರ ಕಿವಿಗೂ ಬಿದ್ದಿದೆ. ಫೋನಿನಲ್ಲಿ ಪೊಲೀಸ್ ವೇಷದವನು ಬರುತ್ತಾನೆ, ಹಿಂದೆ ಠಾಣೆಯಂಥ ಕೋಣೆ ಕಾಣುತ್ತದೆ, ನಿಮ್ಮ ಹೆಸರಿನಲ್ಲಿ ಅಪರಾಧವಾಗಿದೆ ಎಂದು ಹೆದರಿಸುತ್ತಾನೆ. ಅದೂ ಒಂದು ಕಟ್ಟಿದ ಲೋಕವೇ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿ ಇಂಥವರ ಕೈಗೆ ಸಿಕ್ಕಿ ಐವತ್ತು ಲಕ್ಷಕ್ಕೂ ಹೆಚ್ಚು ಕಳೆದುಕೊಂಡು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಓಣಿಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಭಾರತೀಯ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೋದಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಇಷ್ಟು ಹಣ ಕಳೆದುಕೊಂಡವರು ಒಂಬತ್ತನೇ ತರಗತಿಯ ಹುಡುಗರಲ್ಲ.

ಈ ನಕಲಿ ಪೊಲೀಸರು ಮೊದಲು ಹೇಳುವ ಮಾತು ಯಾವುದು? "ಮನೆಯಲ್ಲಿ ಯಾರಿಗೂ ಹೇಳಬೇಡಿ, ಕೋಣೆಯ ಬಾಗಿಲು ಹಾಕಿಕೊಳ್ಳಿ." ತಂಗಿಯ ಮಗನಿಗೆ ಭಾಯಿ ಹೇಳಿದ್ದೂ ಅದೇ. ಮೋಸಗಾರನಿಗೆ ನಮ್ಮ ಬುದ್ಧಿಯ ಭಯವಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂತಿರುವ ಭಯವಿದೆ. ಆತುರದಲ್ಲಿರುವ ಒಬ್ಬರಿಗೆ ಕಾಣದ್ದು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿರುವ ಇನ್ನೊಬ್ಬರಿಗೆ ತಟ್ಟನೆ ಕಾಣುತ್ತದೆ. "ಹಣ ಪಡೆಯಲು ಪಿನ್ ಯಾಕೆ ಹಾಕಬೇಕು?" ಎಂಬ ಒಂದು ಪ್ರಶ್ನೆ ಸಾಕು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು ಮಾತ್ರ, ಪಡೆಯಲು ಎಂದೂ ಬೇಡ. ಕ್ಯೂಆರ್ ಕೋಡ್ ಕೂಡ ಹಾಗೆಯೇ.

ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಇನ್ನೊಬ್ಬರ ಐಬು ಮುಚ್ಚಬೇಕು, ಬೀದಿಗೆ ಹಾಕಬಾರದು ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ಅದೇ ಗುಣ ಇಲ್ಲಿ ಕಳ್ಳನ ಕೈಗೆ ಕೋಲಾಗುತ್ತದೆ. ಮಗನ ತಪ್ಪು ಮುಚ್ಚಲು ತಾಯಿ ಸುಮ್ಮನಿದ್ದಳು, ತಾಯಿಗೆ ನೋವಾಗಬಾರದೆಂದು ಮಗ ಸುಮ್ಮನಿದ್ದ. ಆ ಹದಿನೈದು ದಿನಗಳಲ್ಲಿ ಮುಚ್ಚಿಹೋದದ್ದು ಮಗನ ಐಬಲ್ಲ, ಹಣ ಹೋದ ದಾರಿ.

ತಂಗಿಯ ಗಂಡ ಮಹಾರಾಷ್ಟ್ರದ ಟ್ರಿಪ್ ಮುಗಿಸಿ ಬಂದ ದಿನ ನಾನೂ ನಮ್ಮವರೂ ಅಲ್ಲೇ ಇದ್ದೆವು. ತಂಗಿ ಬಾಗಿಲ ಹಿಂದೆ ನಿಂತಿದ್ದಳು. ನಮ್ಮವರು ಹೇಳಿದ್ದನ್ನೆಲ್ಲ ಅವರು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ವರ್ಷದ ಹಿಂದೆ ಫಾಸ್ಟ್‌ಟ್ಯಾಗ್ ಬಂದ್ ಆಗುತ್ತದೆ, ಕೆವೈಸಿ ಮಾಡಿ ಎಂದು ಫೋನ್ ಬಂದಿತ್ತಂತೆ. ಅವರೂ ನಾಲ್ಕು ಸಾವಿರ ಕಳೆದುಕೊಂಡಿದ್ದರು. "ನಿಮ್ಮಮ್ಮಿಗೆ ಹೇಳಿದರೆ ನಗುತ್ತಾಳೆ ಎಂದು ಹೇಳಿರಲಿಲ್ಲ" ಎಂದರು. ತಂಗಿ ನಗಲಿಲ್ಲ. ಆದರೆ ಹುಡುಗ ಅವತ್ತು ಅಪ್ಪನ ತಟ್ಟೆಯಲ್ಲೇ ಉಂಡ.

ಆ ಮನೆಯಲ್ಲಿ ಈಗ ಕೆಲವು ಬದಲಾವಣೆಗಳಾಗಿವೆ. ತಂಗಿ ಬ್ಯಾಂಕಿಗೆ ಹೋಗಿ ಕೂಡಿಡುವ ಹಣಕ್ಕೆ ಯುಪಿಐ ಇಲ್ಲದ ಬೇರೆ ಖಾತೆ ಮಾಡಿಸಿದಳು. ಫೋನಿಗೆ ಜೋಡಿಸಿದ ಖಾತೆಯಲ್ಲಿ ಸಾವಿರ, ಎರಡು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ. ಪಿನ್ ಅವಳೇ ಬದಲಾಯಿಸಿದಳು, ಹಾಕಲೂ ಅವಳೇ ಕಲಿತಳು. ಪ್ಲೇ ಸ್ಟೋರ್‌ನಲ್ಲಿ ಏನು ಕೊಂಡರೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದ್ದಾರೆ. ಹುಡುಗನಿಗೆ ಆಟ ಪೂರ್ತಿ ನಿಲ್ಲಿಸಿಲ್ಲ. ನಿಲ್ಲಿಸಿದರೆ ಗೆಳೆಯರ ಫೋನಿನಲ್ಲಿ ಆಡುತ್ತಾನೆ, ಆಗ ನಮಗೆ ಏನೂ ಗೊತ್ತಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೆಲವರು ಒಪ್ಪಲಿಕ್ಕಿಲ್ಲ. ನಡುಮನೆಯಲ್ಲಿ ಕೂತು, ಸ್ಪೀಕರ್ ಹಾಕಿ ಆಡಬೇಕು ಎಂಬುದೊಂದೇ ಕರಾರು. ತಂಡದ ಹುಡುಗರ ದನಿ ಈಗ ಅವಳ ಹೊಲಿಗೆ ಮಷಿನ್ನಿನ ಸದ್ದಿನ ಜೊತೆ ಕೇಳುತ್ತಿರುತ್ತದೆ. ಒಬ್ಬ ವಿಜಯಪುರದವನು, ಒಬ್ಬ ಸಾಂಗ್ಲಿಯವನು. ಯಾರು ಕೆಟ್ಟ ಮಾತು ಆಡಿದರೂ ತಂಗಿ ಇಲ್ಲಿಂದಲೇ ಗದರುತ್ತಾಳೆ.

ಇನ್ನೊಂದು ವಿಷಯ ಹೇಳದಿದ್ದರೆ ಆಗುವುದಿಲ್ಲ. ನಮ್ಮ ಹಣ ಹೋಗಿ ಬಿದ್ದ ಮೊದಲ ಖಾತೆ ಯಾವ ದೊಡ್ಡ ಕಳ್ಳನದೂ ಅಲ್ಲ, ಬೇರೆ ರಾಜ್ಯದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನದು ಎಂದು ಠಾಣೆಯಲ್ಲಿ ತಿಳಿಯಿತು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಯಾರಿಗೋ ಕೆಲವು ಸಾವಿರಕ್ಕೆ ಬಾಡಿಗೆ ಕೊಟ್ಟಿದ್ದ. ಈಗ ಖಾತೆ ಬಂದ್, ಮೇಲೆ ಕೇಸು. ಇಂಥ ಬಾಡಿಗೆ ಖಾತೆಗಳಿಲ್ಲದೆ ಈ ದಂಧೆ ಒಂದು ದಿನವೂ ನಡೆಯದು. ಮೋಸ ಹೋದ ಮನೆಯ ಹುಡುಗನೂ ಖಾತೆ ಕೊಟ್ಟ ಮನೆಯ ಹುಡುಗನೂ ಒಂದೇ ತರಹದವರು. ಇಬ್ಬರಿಗೂ ಮನೆಯಲ್ಲಿ ಕೇಳದೆ ನಾಲ್ಕು ಕಾಸು ಬೇಕಾಗಿತ್ತು.

ಹೋದ ತಿಂಗಳು ನಮ್ಮ ಓಣಿಯ ಹೆಂಗಸರು ಒಂದು ಮನೆಯಲ್ಲಿ ಸೇರಿದ್ದಾಗ ಇದನ್ನೆಲ್ಲ ಹೇಳಿದೆ. 1930 ಸಂಖ್ಯೆಯನ್ನು ಹತ್ತು ಹನ್ನೆರಡು ಮಂದಿ ತಮ್ಮ ಫೋನಿನಲ್ಲಿ ಬರೆಸಿಕೊಂಡರು. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಹಿರಿಯರು ಮಾತ್ರ ಚಪ್ಪಲಿ ಹುಡುಕುತ್ತಾ ಹಿಂದೆ ಉಳಿದರು. ಹತ್ತಿರ ಬಂದು ದನಿ ತಗ್ಗಿಸಿ, "ಬೇಟಿ, ನಮ್ಮ ಮೊಮ್ಮಗ ಕಾಲೇಜಿನ್ಯಾಗ ಯಾರಿಗೋ ತನ್ನ ಎಟಿಎಂ ಕೊಟ್ಟಾನಂತ. ತಿಂಗಳಿಗೆ ಎರಡು ಸಾವಿರ ಕೊಡ್ತಾರಂತ. ನಾ ಭಾಳ ಖುಷಿ ಆಗಿದ್ದೆ" ಎಂದರು. ಅವರ ಕೈ ನಡುಗುತ್ತಿತ್ತು. ಮರುದಿನ ಬ್ಯಾಂಕು ತೆರೆಯುವ ಹೊತ್ತಿಗೆ ಅವರು, ಅವರ ಮೊಮ್ಮಗ ಮತ್ತು ನಾನು ಬಾಗಿಲಲ್ಲಿ ನಿಂತಿದ್ದೆವು. ಮ್ಯಾನೇಜರ್ ಕಾರ್ಡ್ ಬಂದ್ ಮಾಡಿ, ಖಾತೆಯ ಲೆಕ್ಕ ತೆಗೆದು, ಈ ಕೂಡಲೇ ಪೊಲೀಸರಿಗೆ ಬರವಣಿಗೆಯಲ್ಲಿ ಕೊಡಿ ಎಂದರು. ಹುಡುಗ ಹಿಂಜರಿದ. ಅಜ್ಜಿ ಅವನ ಮೊಣಕೈ ಹಿಡಿದುಕೊಂಡು ಮೊದಲು ತಾವೇ ಹೊರಟರು.